ರಾಣಿ ಯುದ್ಧಕ್ಕೆ ಹೋದ ಮೇಲೆ

ರಾಜನ ವೀಳ್ಯ ತಾಟಿನಲ್ಲೇ ಉಳಿಯಿತು.

ನಮ್ಮ ಕಡೆ ದೊಡ್ಡಾಟ ಹೂಡುವಾಗ ಮೊದಲು ಪಾತ್ರ ಹಂಚುತ್ತೇವೆ. ತಾಟಿನಲ್ಲಿ ಎಲೆ ಅಡಿಕೆ ಇಟ್ಟು, ಇದು ರಾಣಿಯದು, ಇದು ಮಂತ್ರಿಯದು ಎಂದು ಆಟ ಕಲಿಸುವ ಮಾಸ್ತರ ಕೂಗುತ್ತಾನೆ. ಬೇಕಾದವರು ಮುಂದೆ ಬಂದು ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಮುಗಿಯಿತು, ಆಟ ಆಗುವ ತನಕ ಆ ಪಾತ್ರ ಅವರ ಕೊರಳಿಗೆ. ಮೂಡಲಗಿಯ ಹತ್ತಿರದ ಒಂದು ಊರಿನ ಮಹಿಳಾ ಸಂಘದ ಕಟ್ಟಡದಲ್ಲಿ ನಾನು ಮಾಸ್ತರನಾಗಿ ಕುಳಿತು ಹೀಗೆ ಕೂಗುತ್ತಿದ್ದೆ. ಪಾತ್ರ ಮಾಡುವವರೆಲ್ಲ ಹೆಣ್ಣುಮಕ್ಕಳು. ರಾಣಿಯ ವೀಳ್ಯಕ್ಕೆ ಮೂವರು ಕೈ ಹಾಕಿದರು. ವೈರಿ ಅರಸರ ವೀಳ್ಯಕ್ಕೆ ನೂಕುನುಗ್ಗಲೇ ಆಯಿತು. ಮೀಸೆ ಹಚ್ಚಿಕೊಂಡು ಅಬ್ಬರಿಸುವ ಅವಕಾಶ ಜನ್ಮದಲ್ಲಿ ಎಷ್ಟು ಸಲ ಬರುತ್ತದೆ? ಕಾವಲುಗಾರನ ಎರಡು ಮಾತಿನ ಪಾತ್ರವೂ ಹೋಯಿತು. ಕಡೆಗೆ ರಾಜನದು ಎಂದೆ. ಎಲ್ಲರೂ ಗೋಡೆ ನೋಡಿದರು.

“ಯಾಕ್ರೆವಾ, ರಾಜ ಬ್ಯಾಡೇನು?”

ಸಂಘದ ಅಧ್ಯಕ್ಷೆ ಎದ್ದು ನಿಂತರು. ವಯಸ್ಸಾದವರು, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. “ಮಾಸ್ತರ, ಆ ರಾಜ ಆಟದಾಗ ಏನ ಮಾಡ್ತಾನ, ಅದನ್ನೊಂದ ಹೇಳ್ರಿ” ಎಂದರು.

ಕಥೆ ಅವರಿಗೆ ಗೊತ್ತೇ ಇತ್ತು, ಆದರೂ ಹೇಳಿದೆ. ಸಣ್ಣ ಕೋಟೆಯ ರಾಜ. ವೈರಿಗಳು ಔತಣಕ್ಕೆ ಕರೆದು ಮೋಸದಿಂದ ಸರಪಳಿ ಹಾಕಿ ಸೆರೆಗೆ ತಳ್ಳುತ್ತಾರೆ. ಅವನ ಹೆಂಡತಿ ವೀರಗಚ್ಚೆ ಹಾಕಿ, ಕಿರೀಟ ಕಟ್ಟಿ, ಕತ್ತಿ ಹಿಡಿದು ಒಬ್ಬೊಬ್ಬರನ್ನೇ ಸೋಲಿಸಿ ಗಂಡನನ್ನು ಬಿಡಿಸುತ್ತಾಳೆ. ಬಿಡಿಸಿದ ಮೇಲೆ ಕತ್ತಿಯನ್ನು ಅವನ ಪಾದದ ಮೇಲಿಟ್ಟು, “ಸ್ವಾಮಿ, ನೀವಿಲ್ಲದಾಗ ಹೊತ್ತ ಭಾರವಿದು, ನಿಮ್ಮದನ್ನು ನಿಮಗೇ ಒಪ್ಪಿಸಿದೆ” ಎಂದು ತಲೆಯ ಮೇಲೆ ಸೆರಗು ಹೊದ್ದು ಒಳಗೆ ಹೋಗುತ್ತಾಳೆ. ಅಲ್ಲಿಗೆ ಮಂಗಳ.

“ಅಂದ್ರ ಅಂವಂದು ಕುಂದರೂ ಪಾತ್ರ” ಎಂದರು ಅಧ್ಯಕ್ಷೆ. “ಮನ್ಯಾಗ ಕುಂತ ಕುಂತ ಸಾಕಾಗಿ ಇಲ್ಲಿ ಕುಣ್ಯಾಕ ಬಂದೇವ್ರಿ. ಇಲ್ಲೂ ಕುಂದರಂದ್ರ ಹೆಂಗ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ನಗು ಇರಲಿಲ್ಲ.

ನಾನು ಗೋಕಾಕ ಫಾಲ್ಸಿನವನು. ಮಿಲ್ಲಿನ ಚಾಳಿನ ಬಾಜೂ ನನ್ನದೊಂದು ಹೊಲಿಗೆ ಅಂಗಡಿ, ಹೆಂಗಸರ ಜಂಪರು ಹೊಲಿಯುತ್ತೇನೆ. ಆದರೆ ಸುತ್ತಲಿನ ಹಳ್ಳಿಯವರಿಗೆ ನಾನು ದರ್ಜಿಯಲ್ಲ, ರಾಣಿ. ಹುಡುಗನಿದ್ದಾಗ ನನ್ನ ತೆಳ್ಳನೆಯ ನಡು ನೋಡಿ ನಮ್ಮ ಮಾಸ್ತರರು ಹೆಣ್ಣುವೇಷಕ್ಕೆ ಹಾಕಿದರು. ಆಮೇಲೆ ಗಂಡುವೇಷ ಕಟ್ಟಿದ್ದೇ ಇಲ್ಲ. ಅದರಲ್ಲೂ ನನ್ನದು ಕತ್ತಿ ಹಿಡಿದ ಹೆಣ್ಣು. ಅಳುವ ಹೆಣ್ಣಿಗೆ, ಬಿಂಕದ ಹೆಣ್ಣಿಗೆ ಬೇರೆಯವರಿದ್ದರು. ಅಣ್ಣನ ಸೇಡು ತೀರಿಸಲು ಹೊರಟವಳು, ಗಂಡುಡುಗೆ ತೊಟ್ಟು ರಣಕ್ಕೆ ಇಳಿದವಳು ಆಟದಲ್ಲಿ ಇದ್ದರೆ ವೀಳ್ಯ ನನ್ನ ಬಾಗಿಲಿಗೇ ಬರುತ್ತಿತ್ತು. ಹೆಣ್ಣುವೇಷದವನಿಗೆ ಹೆಣ್ಣು ಕೊಡುವವರು ಯಾರು? ಮದುವೆಯಾಗಲಿಲ್ಲ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ಹೊಲಿಗೆಯ ಮಷೀನು, ಇಬ್ಬರೇ. ಮಷೀನಾದರೂ ತುಳಿದರೆ ಸಪ್ಪಳ ಮಾಡುತ್ತದೆ.

ಆಮೇಲೆ ಹೆಣ್ಣುಮಕ್ಕಳೇ ರಂಗಕ್ಕೆ ಬಂದರು. ಬರಬೇಕಾದದ್ದೇ, ನನ್ನ ತಕರಾರೇನಿಲ್ಲ. ಆದರೆ ನನ್ನನ್ನು ಕರೆಯುವವರು ಇಲ್ಲವಾದರು. ಹಾಗಾಗಿ ಈ ಅಧ್ಯಕ್ಷೆ ಅಂಗಡಿಗೆ ಬಂದು “ನಿಮ್ಮ ರಾಣಿ ಆಟ ಹೂಡಬೇಕಂತ ಮಾಡೇವ್ರಿ” ಎಂದಾಗ ನಾನು ಹಿಗ್ಗಿದೆ. ಇನ್ನೊಂದು ಸಲ ಆ ಕಿರೀಟ, ಆ ಕತ್ತಿ ಎಂದುಕೊಂಡೆ. ಅವರಿಗೆ ಬೇಕಾಗಿದ್ದದ್ದು ಕಲಿಸುವ ಮಾಸ್ತರ. ಒಪ್ಪಿಕೊಂಡೆ. ಹಸಿದವನಿಗೆ ಹಳಸಿದ್ದೇನು ಬಿಸಿಯದ್ದೇನು?

ರಾಣಿಯ ವೀಳ್ಯ ಕೊನೆಗೆ ಸಿಕ್ಕಿದ್ದು ಒಬ್ಬ ಲೈನ್‌ಮನ್ನಳಿಗೆ. ಹೌದು, ಹಾಗೇ ಕರೆಯುತ್ತಾರೆ. ಮೂಡಲಗಿ ಸುತ್ತ ಕರೆಂಟಿನ ಕಂಬ ಹತ್ತುವ ಕೆಲಸ ಅವಳದು. ತವರು ಘೋಡಗೇರಿ. ನಾಲ್ಕು ವರ್ಷದ ಮಗಳು. ಅವಳು ಕಂಬದ ಮೇಲಿರುವಾಗ ಗಂಡ ಮಗಳನ್ನು ನೋಡಿಕೊಳ್ಳುತ್ತಾನೆ. ಘೋಡಗೇರಿಯ ಸಂಘದವರು ತಮ್ಮ ವಾರ್ಷಿಕ ಸಮಾರಂಭಕ್ಕೆ ಈ ಆಟ ಕೇಳಿದ್ದೇ ಅವಳ ದೆಸೆಯಿಂದ. ಇಲ್ಲಿ ಅವಳನ್ನು ರಾಣಿ ಎಂದೇ ಕರೆಯುತ್ತೇನೆ. ಆ ಹೆಸರನ್ನು ಇನ್ನೊಬ್ಬರಿಗೆ ಕೊಡುವುದು ನನಗೆ ಸುಲಭವಾಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಮೊದಲು ನಡಿಗೆ ಕಲಿಸಿದೆ. ಹೆಣ್ಣುವೇಷಕ್ಕೆ ನಡಿಗೆಯೇ ಜೀವ. ಎಡಗಾಲಿನ ಬೆರಳು ಮೊದಲು ನೆಲ ಮುಟ್ಟಬೇಕು, ಹಿಮ್ಮಡಿ ತಡವಾಗಿ ಬರಬೇಕು, ನಡು ಅದರ ಬೆನ್ನು ಹತ್ತಬೇಕು, ಕತ್ತು ಮಾತ್ರ ಅಲ್ಲಾಡಬಾರದು. ನಮ್ಮ ಮಾಸ್ತರರು ನನ್ನ ಟೊಂಕದ ಮೇಲೆ ತುಂಬಿದ ಕೊಡ ಇಟ್ಟು ಕಲಿಸಿದ್ದರು. ನಾನು ಧೋತರದ ಚುಂಗು ಸೆಕ್ಕಿಕೊಂಡು ಸಂಘದ ಹಾಲ್‌ನ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದೆ. ನನ್ನ ಮೈ ಅದನ್ನು ಮರೆತಿರಲಿಲ್ಲ, ಒಂದು ಹೆಜ್ಜೆ ತಪ್ಪಲಿಲ್ಲ. ಹೆಮ್ಮೆಯಿಂದ ತಿರುಗಿ ನೋಡಿದರೆ ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

“ಮಾಸ್ತರ, ಸಿಟ್ಟ ಮಾಡಬ್ಯಾಡ್ರಿ” ಎಂದಳು ರಾಣಿ. “ಹಿಂಗ ಯಾರ ನಡೀತಾರ್ರಿ?”

“ಹೆಂಗಸರು.”

“ಯಾ ಊರಾಗ್ರಿ?”

“ಟೊಂಕದ ಮ್ಯಾಲ ಕೊಡ ಇದ್ದಾಗ ಹಿಂಗ ನಡೀತಾರವಾ.”

“ಕೊಡ ಹೊತ್ತಾಗ ಹಿಂಗ ನಡದರ ಅರ್ಧ ನೀರ ದಾರ್‍ಯಾಗ ಚೆಲ್ಲತಾವ್ರಿ” ಎಂದು ಅಧ್ಯಕ್ಷೆ ಹಿಂದಿನಿಂದ ಒಗ್ಗರಣೆ ಹಾಕಿದರು. “ನಮ್ಮ ಅತ್ತಿ ನೋಡಿದ್ರ ಕಾಲ ಮುರೀತಿದ್ಳು.”

ಆಗ ನಗೆ ತಡೆಯಲಾಗದೆ ಹೊರಬಿತ್ತು. ನನಗೆ ಮೈಯೆಲ್ಲ ಉರಿಯಿತು. ಆ ನಡಿಗೆಗೆ ಊರಿಗೆ ಊರೇ ಸೀಟಿ ಹೊಡೆದಿದೆ, ಹೆಂಗಸರೇ ಬಂದು ದೃಷ್ಟಿ ತೆಗೆದಿದ್ದಾರೆ. ಚಪ್ಪಲಿ ಮೆಟ್ಟಿ ಹೊರಗೆ ಬಂದವನು ಗೋಕಾಕದ ಬಸ್ಸು ಹತ್ತಿಬಿಟ್ಟೆ. ಕಿಟಕಿಯಲ್ಲಿ ಕಬ್ಬಿನ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಬಸ್ಸಿನೊಳಗೆ, ಕೆಳಗೆ, ರಸ್ತೆಯ ಬದಿಯಲ್ಲಿ ನಡೆಯುವ ಒಬ್ಬೊಬ್ಬ ಹೆಂಗಸನ್ನೂ ನೋಡುತ್ತಾ ಬಂದೆ. ಹುಲ್ಲಿನ ಹೊರೆ ಹೊತ್ತವಳು, ಬ್ಯಾಂಕಿನ ಚೀಲ ಹಿಡಿದವಳು, ಮಗುವನ್ನು ಎಳೆದುಕೊಂಡು ಓಡುವವಳು. ನನ್ನಂತೆ ಯಾರೂ ನಡೆಯುತ್ತಿರಲಿಲ್ಲ. ನಾನು ಕಲಿತದ್ದು ಹೆಂಗಸರಿಂದಲ್ಲ, ಒಬ್ಬ ಗಂಡಸಿನಿಂದ. ಅವರು ಕಲಿತದ್ದು ಇನ್ನೊಬ್ಬ ಗಂಡಸಿನಿಂದ. ಯಾರೂ ಮಧ್ಯದಲ್ಲಿ ಒಬ್ಬ ಹೆಂಗಸನ್ನು ಕೇಳಿರಲಿಲ್ಲ.

ಎರಡು ದಿನ ಹೋಗಲಿಲ್ಲ. ಅಧ್ಯಕ್ಷೆ ಫೋನು ಮಾಡಿ “ಮಾಸ್ತರ, ಹೆಣ್ಣಮಕ್ಕಳ ನಗೂದನ್ನ ಮನಸ್ಸಿಗೆ ಹಚ್ಚಗೊಂಡ್ರ ಜಗತ್ತ ನಡೀತೈತೇನ್ರಿ, ಬರ್ರಿ” ಎಂದರು. ಹೋದೆ. ಮರ್ಯಾದೆಗಿಂತ ಒಂಟಿತನ ದೊಡ್ಡದು.

ಅವತ್ತು ರಾಣಿಯನ್ನು ಕರೆದು, “ಹಂಗಾದ್ರ ನೀ ಕಂಬಕ್ಕ ಹೋಗುವಾಗ ಹೆಂಗ ಹೋಗ್ತಿ, ತೋರಸು” ಎಂದೆ. ಅವಳಿಗೆ ನಾಚಿಕೆಯಾಯಿತು. ಆಮೇಲೆ ನಡುವಿಗೆ ಬೆಲ್ಟು ಕಟ್ಟಿದವಳಂತೆ ಕೈಯಾಡಿಸಿಕೊಂಡು ಬಾಗಿಲಿನಿಂದ ಬಂದಳು. ಮೊದಲು ಮೇಲೆ ನೋಡಿದಳು. ಕಾಣದ ತಂತಿಯನ್ನು ಈ ಕಡೆಯಿಂದ ಆ ಕಡೆಗೆ ಕಣ್ಣಿನಲ್ಲೇ ಹಿಡಿದುಕೊಂಡು ಹೋದಳು. ಆಮೇಲೆ ನೆಲ ನೋಡಿದಳು. ಆಮೇಲೆ ನಡೆದಳು, ಅವಸರವಿಲ್ಲದೆ, ಹೆಜ್ಜೆ ಅಗಲಿಸಿ. ಇಲ್ಲದ ಕಂಬದ ಬುಡಕ್ಕೆ ಬಂದು ಮುಟ್ಟದೆ ನಿಂತಳು.

“ಯಾಕ ನಿಂತಿ?”

“ಲೈನ ಬಂದ್ ಮಾಡೇವಿ ಅಂತ ಹೇಳಿರತಾರ್ರಿ. ಖರೇ ಬಂದ್ ಆಗೇತೋ ಇಲ್ಲೋ ನಾ ನೋಡಬೇಕಲ್ರಿ. ನೋಡದ ಕೈ ಹಚ್ಚಿದ್ರ ಆತು, ಗೋಡಿ ಮ್ಯಾಲ ಫೋಟೋ.”

“ಹೆದರಿಕಿ ಆಗೂದಿಲ್ಲೇನು?”

“ದಿನಾ ಆಗತೈತ್ರಿ. ಹೆದರಿಕಿ ಇದ್ದಾಗನ ಕೆಲಸ ಚಲೋ ಆಗತೈತಿ.”

ನಾನು ಆಡಿದ ರಾಣಿಗೆ ಹೆದರಿಕೆ ಎಂಬುದೇ ಇರಲಿಲ್ಲ. ತೆರೆ ಸರಿಸಿದ ಕೂಡಲೇ ಕಣ್ಣು ಗರಗರ ತಿರುಗಿಸಿ, ಹಲ್ಲು ಕಡಿದು, ಆಟದ ಅಟ್ಟದ, ಅಂದರೆ ರಂಗದ, ಹಲಗೆ ಮುರಿಯುವಂತೆ ಹಾರುತ್ತಿದ್ದೆ. ಹೆಣ್ಣು ಕತ್ತಿ ಹಿಡಿದಳೆಂದರೆ ಅವಳ ಮೈಮೇಲೆ ದೇವಿ ಬರಬೇಕು, ಇಲ್ಲವೇ ಅವಳು ಗಂಡಸಾಗಬೇಕು. ನಮ್ಮ ಯುದ್ಧದ ಆಟಗಳೆಲ್ಲ ಹಾಗೇ ಇದ್ದವು. ಹೆಂಗಸು ಹೆಂಗಸಾಗಿಯೇ, ಹೆದರಿಕೆ ಇಟ್ಟುಕೊಂಡೇ, ಲೆಕ್ಕ ಹಾಕಿಯೇ ಗೆಲ್ಲಬಹುದು ಎಂದು ಕಟ್ಟಿದವರಿಗೂ ಹೊಳೆದಿರಲಿಲ್ಲ, ಆಡಿದ ನನಗೂ ಹೊಳೆದಿರಲಿಲ್ಲ. ರಾಣಿಯ ಪ್ರವೇಶವನ್ನು ಬದಲಿಸಿದೆ. ತೆರೆ ಸರಿದ ಮೇಲೆ ಕುಣಿತವಿಲ್ಲ. ಮೇಲೆ ನೋಡುವುದು, ನೆಲ ನೋಡುವುದು, ನಡೆಯುವುದು. ಆಮೇಲೆ ಮದ್ದಳೆ.

ಮದ್ದಳೆಯವರು ಬೆಲ್ಲದ ಬಾಗೇವಾಡಿಯ ಕಾಕಾ. ನನ್ನ ಹೆಜ್ಜೆಗೆ ಜೀವಮಾನವಿಡೀ ಪೆಟ್ಟು ಕೊಟ್ಟವರು. ಅವರಿಗೆ ಇದು ಹಿಡಿಸಲಿಲ್ಲ. “ಪ್ರವೇಶಕ್ಕ ಮದ್ದಳಿ ಸುಮ್ಮನಿರೂದಂದ್ರ ಏನೋ? ನಾ ಅಲ್ಲಿ ಶೇಂಗಾ ತಿನ್ಕೋಂತ ಕುಂದರಲೇನ?” ಎಂದರು. ಇನ್ನೊಂದು ತೊಡಕು ಅವರ ಮದ್ದಳೆಯದೇ ಆಯಿತು. ಹೆಣ್ಣುಮಕ್ಕಳ ದನಿಗೆ ಹಾರ್ಮೋನಿಯಂ ಸ್ವರ ಏರಿಸಿದೆವು. ಅದಕ್ಕೆ ಹೊಂದಿಸಲೆಂದು ಕಾಕಾ ಮದ್ದಳೆಯ ಚರ್ಮ ಎಳೆದು ಕಟ್ಟುವ ಬಾದಿ ಬಿಗಿದರು, ಮತ್ತೂ ಬಿಗಿದರು, ಚರ್ಮ ಫಟ್ಟೆಂದು ಹರಿಯಿತು. ಕಾಕಾ ಮದ್ದಳೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಬೈಯುತ್ತಾರೆ ಎಂದುಕೊಂಡೆವು. “ಇದು ಗಂಡಸರ ದನಿಗೆ ರೂಢಿಯಾಗಿತ್ತು” ಎಂದಷ್ಟೇ ಹೇಳಿ ಎದ್ದರು. ಮರುವಾರ ಹುಕ್ಕೇರಿಯಿಂದ ಸಣ್ಣ ಬಾಯಿಯ ಹೊಸ ಮದ್ದಳೆ ಮಾಡಿಸಿಕೊಂಡು ಬಂದರು. ಹೊಸ ಸೊಸೆಯನ್ನು ಪರೀಕ್ಷಿಸುವ ಹಾಗೆ ಅದರ ಮೇಲೆ ಬೆರಳಾಡಿಸುತ್ತಿದ್ದರು.

ಭೂಷಣಗಳ ಕೆಲಸ ನನ್ನದು. ಎದೆಕಟ್ಟು, ಭುಜಕೀರ್ತಿ, ಕಿರೀಟ ಎಲ್ಲ ಕಟ್ಟಿಗೆಯವು, ಮೇಲೆ ಬೇಗಡೆ ಮತ್ತು ಕನ್ನಡಿ ಚೂರು. ಎಲ್ಲ ಗಂಡಸಿನ ಅಳತೆಯವು. ಹೆಣ್ಣುವೇಷಕ್ಕೆ ನಾನು ಅರಿವೆ ತುರುಕಿ ಮೈ ತುಂಬಿಸಿಕೊಂಡು ಅದರ ಮೇಲೆ ಕಟ್ಟುತ್ತಿದ್ದೆ. ಈಗ ಎದೆಕಟ್ಟು ರಾಣಿಯ ಮೈಗೆ ಕೂಡದೆ ಪಕ್ಕೆಲುಬು ಕೊರೆದು ಗಾಯ ಮಾಡಿತು. ಹಿಂಬದಿಯ ಕಟ್ಟಿಗೆ ಕೆತ್ತಿಸಿ, ಒಳಗೆ ಹತ್ತಿ ಇಟ್ಟು ಹೊಲಿದೆ, ದಾರಗಳನ್ನು ಕುತ್ತಿಗೆಯಿಂದ ಬೆನ್ನಿಗೆ ಇಳಿಸಿದೆ. ಅಂಗಡಿಯಲ್ಲಿ ಒಬ್ಬನೇ ಕುಳಿತು ನನ್ನ ರಾಣಿಯ ಎದೆಕಟ್ಟನ್ನು ಇನ್ನೊಬ್ಬಳ ಅಳತೆಗೆ ಬಿಚ್ಚಿ ಹೊಲಿಯುವಾಗ ಅಳು ಬಂತು. ಹೊಲಿಗೆ ಮಾತ್ರ ನೇರ ಬಿತ್ತು.

ಇಷ್ಟೆಲ್ಲಕ್ಕೆ ಒಪ್ಪಿದ ನಾನು ಒಂದಕ್ಕೆ ಒಪ್ಪಲಿಲ್ಲ. ಕೊನೆಯ ದೃಶ್ಯ. ಕತ್ತಿಯನ್ನು ಗಂಡನ ಪಾದದ ಮೇಲಿಡುವುದು ನನ್ನ ಹೆಸರು ನಿಂತ ಜಾಗ. ಅಲ್ಲಿ ನಾನು ಎರಡು ಕೈಯಲ್ಲಿ ಕತ್ತಿ ಹಿಡಿದು ಬಾಗುವಾಗ ಮುದುಕಿಯರು ಮೂಗು ಒರೆಸಿಕೊಳ್ಳುತ್ತಿದ್ದರು. ಅದನ್ನು ಕಲಿಸಲು ನಿಂತ ದಿನ ರಾಣಿ ಕತ್ತಿ ಹಿಡಿದುಕೊಂಡು ಬಾಗದೆ ನಿಂತಳು.

“ಇದು ನನಗ ಬರೂದಿಲ್ರಿ ಮಾಸ್ತರ.”

“ಬಗ್ಗಬೇಕು ಅಷ್ಟ. ಉಳದದ್ದ ಹಿಮ್ಮೇಳದವ್ರ ನೋಡ್ಕೋತಾರ.”

“ಬಗ್ಗಾಕ ಬರತೈತ್ರಿ, ನಡು ಚಲೋ ಐತಿ. ಗೆದ್ದ ಬಂದಾಕಿ ಯಾಕ ತಪ್ಪ ಮಾಡಿದಾಕಿ ಹಂಗ ನಿಂದರಬೇಕು, ಅದ ತಿಳೀವಲ್ದು.”

“ಗಂಡನ ಮ್ಯಾಲಿನ ಪ್ರೀತಿ ಅದು.”

“ನಾ ಡ್ಯೂಟಿ ಮುಗಿಸಿ ಮನಿಗೆ ಹೋಗಿ ನನ್ನ ಬೆಲ್ಟ ಬಿಚ್ಚಿ ನಮ್ಮನಿಯವರ ಕಾಲ ಮ್ಯಾಲ ಇಟ್ರ ಅವರು ದವಾಖಾನಿಗೆ ಕರಕೊಂಡ ಹೋಗ್ತಾರ್ರಿ.”

ಮತ್ತೆ ನಗೆ. ಈ ಸಲ ನಾನು ಎದ್ದು ಹೋಗಲಿಲ್ಲ, ಕೂಗಿದೆ. ಆಟ ಅಂದರೆ ಆಟ, ಅದನ್ನು ನಮ್ಮ ನಮ್ಮ ಮನೆಯ ಅಳತೆಗೆ ಕತ್ತರಿಸಬಾರದು; ಆ ದೃಶ್ಯ ಇಲ್ಲದಿದ್ದರೆ ಮಾಸ್ತರನೂ ಇಲ್ಲ ಎಂದೆ. ರಾಣಿಯೂ ಸೋಲಲಿಲ್ಲ. ಕತ್ತಿ ಇಡುವುದಾದರೆ ತನಗೆ ಆ ವೀಳ್ಯವೇ ಬೇಡ ಎಂದಳು. ನೋಡುತ್ತಿದ್ದ ಅಧ್ಯಕ್ಷೆ, “ಇಬ್ಬರೂ ಜಗಳಾಡ್ರಿ, ಬ್ಯಾಡ ಅನ್ನೂದಿಲ್ಲ. ಕತ್ತಿ ಇಡಾಕ ಪಾದ ಯಾರದೈತಿ, ಅದನ್ನರ ಮೊದಲ ಹೇಳ್ರಿ” ಎಂದರು.

ಅದೂ ಖರೆ. ರಾಜನೇ ಇರಲಿಲ್ಲ. ಕಾವಲುಗಾರನ ಪಾತ್ರದವಳ ಗಂಡ ಒಪ್ಪಿಕೊಂಡು ಒಂದು ದಿನ ಬಂದಿದ್ದ. ಮರುದಿನ ಚಹಾದ ಅಂಗಡಿಯಲ್ಲಿ ಗೆಳೆಯರು “ಏನ್ರಿ ಮಹಾರಾಜರ, ಹೆಂಡ್ತಿ ಯಾವಾಗ ಬಿಡಿಸ್ಕೊಂಡ ಬರ್ತಾಳ?” ಎಂದು ಕೇಳಿದರಂತೆ. ವೀಳ್ಯ ಮುಟ್ಟಿರಲಿಲ್ಲವಾದ್ದರಿಂದ ನುಣುಚಿಕೊಂಡ. ಆಟದ ದಿನ ಬೆನ್ನಿಗೇ ಬಂದಿತ್ತು.

ನಾನು ಎದ್ದು ಮೂಲೆಯಲ್ಲಿದ್ದ ತಾಟಿಗೆ ಕೈ ಹಾಕಿದೆ. ರಾಜನ ವೀಳ್ಯದ ಮೊದಲ ದಿನದ ಎಲೆ ಒಣಗಿ ಹೋಗಿತ್ತು, ಅಧ್ಯಕ್ಷೆ ಆಗಾಗ ಹೊಸ ಎಲೆ ಇಡುತ್ತಿದ್ದರು. ಎತ್ತಿಕೊಂಡೆ.

ದೊಡ್ಡ ಮನಸ್ಸು ಮಾಡಿದೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಲೆಕ್ಕವೇ ಬೇರೆ ಇತ್ತು. ಎದುರಿಗೆ ನಾನೇ ರಾಜನಾಗಿ ಕಾಲು ಚಾಚಿ ಕುಳಿತರೆ, ಸಾವಿರ ಜನರ ಮುಂದೆ, ಹಿಮ್ಮೇಳದವರು ಆ ಪದ ಎತ್ತಿದರೆ, ಅವಳು ಹೇಗೆ ಕತ್ತಿ ಇಡದೆ ಇರುತ್ತಾಳೆ ನೋಡೋಣ ಎಂದುಕೊಂಡೆ. ಅವಳಿಗೆ ಅದು ಗೊತ್ತಾಯಿತು. “ಆಗ್ಲಿ ಮಾಸ್ತರ, ಅಲ್ಲೇ ನೋಡೂಣ್ರಿ” ಎಂದು ನಕ್ಕಳು.

ಗಂಡುವೇಷ ನನಗೆ ಬರುತ್ತಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಬೆರಳು ತಾನಾಗಿ ಸೆರಗು ಹುಡುಕಿಕೊಂಡು ಹೆಗಲಿಗೆ ಹೋಗುತ್ತಿತ್ತು. “ಲೇ, ನೀ ಗಂಡಸ ಅದೀಯಲ್ಲೋ, ಹಂಗ ನಿಂದರು ಸಾಕು” ಎಂದು ಕಾಕಾ ರೇಗುತ್ತಿದ್ದರು. ಹಾಗೆ ಎಂದರೆ ಹೇಗೆ ಎಂದು ಕೇಳಲು ನಾಚಿಕೆಯಾಯಿತು. ಅಂಗಡಿಯ ಕನ್ನಡಿಯ ಮುಂದೆ ಮೀಸೆ ಅಂಟಿಸಿಕೊಂಡು ನಿಂತರೆ ಒಳಗಿದ್ದವನು ನನಗೆ ಪರಿಚಯದವನಲ್ಲ. ಇಷ್ಟು ವರ್ಷ ನಾನು ಯಾರ ಜೊತೆ ಬಾಳಿದೆ ಎಂದು ಯೋಚನೆಯಾಯಿತು.

ಘೋಡಗೇರಿಯಲ್ಲಿ ಶಾಲೆಯ ಮೈದಾನದಲ್ಲಿ ಅಟ್ಟ ಹಾಕಿದ್ದರು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಆಟ ಶುರು, ದೀಪ ಹಚ್ಚುವ ಹೊತ್ತಿಗೆ ಮಂಗಳ ಎಂದು ಮಾತಾಗಿತ್ತು. ಹೆಣ್ಣುಮಕ್ಕಳು ಮನೆಗೆ ಹೋಗಿ ರೊಟ್ಟಿ ಬಡಿಯಬೇಕಲ್ಲ. ನಾನು ಬೆಳಿಗ್ಗೆಯೇ ಬಂದು ಒಬ್ಬೊಬ್ಬರಿಗೂ ಅರದಾಳದ ಹಳದಿ ಬಣ್ಣ ಹಚ್ಚಿದೆ, ಹುಬ್ಬು ತೀಡಿದೆ, ಗೆಜ್ಜೆ ಕಟ್ಟಿದೆ. ರಾಣಿಯ ಕಿರೀಟವನ್ನು ಕಡೆಗೆ ಕಟ್ಟಿದೆ. ಹಣೆಯ ಸುತ್ತ ಅರಿವೆ ಬಿಗಿಯುವಾಗ ಅವಳ ಕೈ ತಣ್ಣಗಿತ್ತು.

“ಹೆದರಿಕಿ ಐತೇನು?”

“ಐತ್ರಿ.”

“ಚಲೋ ಆತು” ಎಂದೆ.

ಅಧ್ಯಕ್ಷೆಯೇ ಸಾರಥಿ. ಪಾತ್ರಗಳನ್ನು ಮಾತಾಡಿಸಿ ಪರಿಚಯ ಮಾಡಿಕೊಡುವವರು, ಮಾತು ಮರೆತರೆ ಬದಿಯಿಂದ ನೆನಪು ಮಾಡುವವರು ಅವರೇ. ಮೊದಲಿಗೆ ನನ್ನ ದೃಶ್ಯ. ಹೇಗೋ ನಿಂತೆ, ಹೇಗೋ ಗರ್ಜಿಸಿದೆ. ಮೀಸೆಯ ವೈರಿಗಳು ಬಂದು ಸರಪಳಿ ಸುತ್ತಿದರು. ನನ್ನ ಹಳೆಯ ಅಭಿಮಾನಿ ಒಬ್ಬ ಜನರ ನಡುವಿನಿಂದ “ರಾಣಿಯವರ, ಮೀಸಿ ಯಾವಾಗ ಬಂದೂವ್ರಿ?” ಎಂದು ಕೂಗಿದ. ಜನ ಹೊಟ್ಟೆ ಹಿಡಿದು ನಕ್ಕರು. ನನ್ನನ್ನು ಎಳೆದುಕೊಂಡು ಹೋಗಿ ಅಟ್ಟದ ಹಿಂಬದಿಯ ಮೂಲೆಯಲ್ಲಿ, ಒಂದು ಕರಿಯ ಅರಿವೆಯ ಮರೆಗೆ ಕೂರಿಸಿದರು. ಅದೇ ಸೆರೆಮನೆ.

ಈ ಆಟದಲ್ಲಿ ಒಂದು ಕಟ್ಟುಪಾಡು ಇದೆ. ಸೆರೆಯಲ್ಲಿರುವ ರಾಜ ಎದ್ದು ಬಣ್ಣದ ಕೋಣೆಗೆ ಹೋಗುವ ಹಾಗಿಲ್ಲ. ರಾಣಿ ಬಂದು ಬಿಡಿಸುವ ತನಕ ಸರಪಳಿ ಸುತ್ತಿಕೊಂಡು ಅಲ್ಲೇ ಕುಳಿತಿರಬೇಕು, ನೀರು ಕೂಡ ಕುಡಿಯಬಾರದು. ನಡುವೆ ಎದ್ದರೆ ರಾಣಿ ಪಾತ್ರದವರಿಗೆ ಕೇಡು ಎಂದು ನಂಬಿಕೆ. ನಾನು ರಾಣಿಯಾಗಿದ್ದಾಗ ಎಷ್ಟು ಜನ ನನಗಾಗಿ ಹಾಗೆ ಕುಳಿತಿದ್ದರೋ, ಅವರ ಮುಖವೂ ನೆನಪಿಲ್ಲ. ಊರಿನಲ್ಲಿ ಕುಣಿಯಲು ಬಾರದವರಿಗೆ, ಮೀಸೆ ಮಾತ್ರ ಚೆನ್ನಾಗಿದ್ದವರಿಗೆ ಆ ಪಾತ್ರ ಕೊಡುತ್ತಿದ್ದೆವು.

ಅರಿವೆಯ ಮರೆಯಿಂದ ಏನೂ ಕಾಣುವುದಿಲ್ಲ. ಕೇಳುತ್ತದೆ. ಮದ್ದಳೆ ನಿಂತದ್ದು ಕೇಳಿತು. ಜನ ಮಾತು ನಿಲ್ಲಿಸಿದ್ದು ಕೇಳಿತು. ಈಗ ಮೇಲೆ ನೋಡುತ್ತಿದ್ದಾಳೆ, ಈಗ ನೆಲ ಎಂದುಕೊಂಡೆ. ಆಮೇಲೆ ಹಲಗೆಯಲ್ಲಿ ಅವಳ ಮೊದಲ ಹೆಜ್ಜೆ ನನ್ನ ಕೂತ ಮೈಗೆ ಬಂದು ತಾಗಿತು. ಸಾರಥಿ “ಯಾರಮ್ಮಾ ತಾಯಿ, ನಿನ್ನ ನಾಮಾಂಕಿತವೇನು?” ಎಂದರು. ಅವಳು ತನ್ನ ಹೆಸರು ಹೇಳಿದಳು. ಕಿರುಚಲಿಲ್ಲ. ಆದರೂ ಮೈದಾನದ ಆ ತುದಿಗೂ ಕೇಳಿಸಿತು.

ಯುದ್ಧ ಶುರುವಾಯಿತು. ಮೊದಲ ವೈರಿ, ಎರಡನೆಯವನು. ಹಲಗೆ ಗುಡುಗುತ್ತಿತ್ತು. ಯಾವ ಹೆಜ್ಜೆ ಯಾರದೆಂದು ತಿಳಿಯದು. ಒಂದು ಕಡೆ ಯಾರೋ ಬಿದ್ದ ಸಪ್ಪಳ, ಜನ ಹೋ ಎಂದರು. ಬಿದ್ದವಳು ಅವಳೇ? ಆ ಜಾಗದಲ್ಲಿ ಬೀಳುವುದು ಇರಲಿಲ್ಲ. ಎದ್ದು ಅರಿವೆ ಸರಿಸಿ ನೋಡಲೇ ಎಂದು ಮೊಣಕಾಲು ಊರಿದವನು ಮತ್ತೆ ಕುಳಿತೆ. ಎದ್ದರೆ ಅವಳಿಗೆ ಕೇಡು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಅವತ್ತು ನಂಬಿದೆ.

ಹೊರಗೆ ಕಟ್ಟಿಗೆಯ ಕತ್ತಿ ಕತ್ತಿಗೆ ತಾಗುವುದು ಮತ್ತೆ ಕೇಳುವ ತನಕ ಹಲಗೆಗೆ ಕಿವಿ ಕೊಟ್ಟು ಕುಳಿತೆ. ಇಷ್ಟು ವರ್ಷ ಯುದ್ಧದ ಆಟ ಆಡಿದೆ, ಯುದ್ಧವೆಂದರೆ ನನಗೆ ಹಲಗೆಯ ಮೇಲಿನ ಹಾರಾಟ. ಹಿಂದೆ ಉಳಿದವರಿಗೆ ಅದು ಏನು ಎಂದು ನನಗೆ ಗೊತ್ತಿರಲಿಲ್ಲ. ಯಾವ ಆಟದಲ್ಲಿ ನೋಡಿದರೂ ಹೀಗೆ ಕಿವಿ ತೆರೆದು ಕುಳಿತವಳು ಹೆಂಗಸೇ, ತಾಯಿಯೋ ಹೆಂಡತಿಯೋ; ನಾನೋ ಆ ಪಾತ್ರಗಳನ್ನು ಮೂಗು ಮುರಿದು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೆ. ಮೀಸೆಯ ಅಂಟು ಬೆವರಿಗೆ ಬಿಡುತ್ತಿತ್ತು. ಸರಪಳಿ ಬಿಗಿಯಾಗಿತ್ತು. ಹೊರಗೆ ಅಷ್ಟು ಜನ, ಮದ್ದಳೆ, ಸೀಟಿ, ನಗೆ. ಅರಿವೆಯ ಈ ಕಡೆ ನಾನೊಬ್ಬನೇ. ಆ ಹೊತ್ತು ನನಗೆ ಕತ್ತಿಯೂ ಬೇಕಾಗಿರಲಿಲ್ಲ, ನನ್ನ ಹೆಸರಿನ ದೃಶ್ಯವೂ ಬೇಕಾಗಿರಲಿಲ್ಲ. ಅವಳು ಗೆದ್ದು ಬಂದರೆ ಸಾಕಾಗಿತ್ತು.

ಜಯಘೋಷ ಕೇಳಿತು. ಹೆಜ್ಜೆಗಳು ನನ್ನ ಕಡೆಗೆ ಬಂದವು. ಅವಳು ಕರಿಯ ಅರಿವೆಯನ್ನು ಕಿತ್ತೆಸೆದಳು. ಇಳಿಬಿಸಿಲು ನೇರ ಕಣ್ಣಿಗೆ ಬಿತ್ತು. ಅವಳ ಮುಖದ ಹಳದಿ ಬೆವರಿನಲ್ಲಿ ಹರಿದಿತ್ತು, ಮೊಣಕೈ ತರಚಿತ್ತು, ಬಿದ್ದದ್ದು ಅವಳೇ. ನಾನು ಕಲಿಸಿದಂತೆ ಕಾಲು ಮುಂದೆ ಚಾಚಿಕೊಂಡೇ ಕುಳಿತಿದ್ದೆ. ಹಿಮ್ಮೇಳದವರು ಕತ್ತಿ ಇಡುವ ಪದ ಎತ್ತಿದರು. ಜನರಲ್ಲಿ ಹಳಬರು ಮುಂದೆ ಸರಿದು ಕುಳಿತರು.

ಅವಳು ಕತ್ತಿಯನ್ನು ಕೆಳಗಿಟ್ಟಳು. ಪಾದದ ಮೇಲಲ್ಲ, ಬದಿಗೆ, ಹಲಗೆಯ ಮೇಲೆ. ಸರಪಳಿಯ ಗಂಟು ಬಿಚ್ಚಲು ಎರಡೂ ಕೈ ಬೇಕಾಗಿದ್ದವು, ಅದಕ್ಕೆ. ಮೊಣಕಾಲೂರಿ ಕುಳಿತು ಗಂಟು ಹುಡುಕಿದಳು. ಗಂಟು ಬರಲಿಲ್ಲ. ಹಿಮ್ಮೇಳದವರು ಅದೇ ಸಾಲನ್ನು ಮತ್ತೆ ಹಾಡಿದರು. “ಸ್ವಾಮಿ, ನೀವಿಲ್ಲದಾಗ ಹೊತ್ತ ಭಾರವಿದು...” ಎಂದು ಸಾರಥಿ ಬದಿಯಿಂದ ಪಿಸುಗುಟ್ಟಿದರು. ರಾಣಿ ಅತ್ತ ನೋಡಲಿಲ್ಲ. ಗಂಟು ಬಿಚ್ಚುತ್ತಾ ತಲೆ ಎತ್ತಿ ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಳೋ. ಆಟದ ಭಾಷೆಯಲ್ಲಿ ಅಲ್ಲ, ತನ್ನ ಮಾತಿನಲ್ಲೇ ಕೇಳಿದಳು.

“ಏನರ ಉಂಡೀರೇನ್ರಿ?”

ನನ್ನ ಬಾಯಲ್ಲಿ ರಾಜನ ಮಾತು ಸಿದ್ಧವಾಗಿತ್ತು. ಎಲೈ ಪ್ರಿಯೆ ಎಂದು ಶುರುವಾಗಿ ಕತ್ತಿ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ತನಕ ಉದ್ದನೆಯ ಮಾತು. ಒಂದು ಪದವೂ ಬರಲಿಲ್ಲ. ಅವ್ವ ಹೋದ ಮೇಲೆ ಆ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ.

“ಇಲ್ಲ” ಎಂದೆ. “ನೀವು ಬರ್ತೀರಿ ಅಂತ ಹಂಗ ಕುಂತೇನ್ರಿ.”

ಹೆಂಗಸರ ಕಡೆಯಿಂದ ಯಾರೋ ನಗಲು ಬಾಯಿ ತೆರೆದರು. ಆ ನಗು ಅರ್ಧಕ್ಕೇ ನಿಂತಿತು. ಕಾಕಾ ಮದ್ದಳೆಯ ಮೇಲಿಂದ ಕೈ ತೆಗೆದಿದ್ದರು.

ಗಂಟು ಬಿಚ್ಚಿತು. ಹಲಗೆಯ ಮೇಲಿದ್ದ ಕತ್ತಿಯನ್ನು ನಾನು ಎತ್ತಿಕೊಂಡೆ. ಅವಳ ಕಣ್ಣು ಒಂದು ಗಳಿಗೆ ಗಟ್ಟಿಯಾಯಿತು. ನಾನು ಅದನ್ನು ತಿರುಗಿಸಿ, ಹಿಡಿಕೆ ಅವಳ ಕಡೆಗೆ ಮಾಡಿ ಕೊಟ್ಟೆ.

ಅವಳು ಬಲಗೈಯಲ್ಲಿ ಕತ್ತಿ ತೆಗೆದುಕೊಂಡಳು. ಎಡಗೈಯನ್ನು ನನ್ನ ಕಡೆಗೆ ಚಾಚಿ “ಏಳ್ರಿ, ಮನಿಗೆ ಹೋಗೂಣ” ಎಂದಳು. ಕುಳಿತು ಕುಳಿತು ನನ್ನ ಎರಡೂ ಕಾಲು ಜೋಮು ಹಿಡಿದಿದ್ದವು, ನಿಲ್ಲಲು ಆಗಲಿಲ್ಲ. ಮಂಗಳದ ಪದ ಮುಗಿದು, ಜನ ಎದ್ದು, ನನ್ನ ಕಾಲಿಗೆ ರಕ್ತ ಇಳಿಯುವ ತನಕ ಅವಳು ಆ ಕೈ ಬಿಡಲಿಲ್ಲ.